ಸುಂದರ ಮನೆಯ ಸಾಕ್ಷ್ಯ

ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ನಾವೆಲ್ಲರೂ ಬಾಲ್ಯದಲ್ಲೇ ಕಂಠಪಾಠ ಮಾಡಿದ್ದೇವೆ. ಆದರೆ ಒಂದು ಸುಳ್ಳನ್ನೂ ನುಡಿಯದೆ, ಹೇಳಬೇಕಾದುದನ್ನು ಮಾತ್ರ ಹೇಳದೆ ಬಿಟ್ಟರೆ ಅದು ಸುಳ್ಳುಸಾಕ್ಷಿಯಾದೀತೇ? ಅಮೆರಿಕದ ಲೂಯಿಸಿಯಾನಾದಲ್ಲಿ, ಮಿಸಿಸಿಪ್ಪಿ ನದಿಯ ದಡದುದ್ದಕ್ಕೂ ಉಳಿದಿರುವ ಹಳೆಯ ಕಬ್ಬಿನ ತೋಟಗಳ ಬಂಗಲೆಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ.

ಬಿಳಿಯ ಕಂಬಗಳು, ವಿಶಾಲ ಜಗಲಿ, ಹೆಮ್ಮರಗಳ ನೆರಳು. ಪ್ರವಾಸಿಗರು ಬರುತ್ತಾರೆ, ಮದುವೆಗಳೂ ನಡೆಯುತ್ತವೆ. ಇಂತಹ ಅನೇಕ ಮನೆಗಳಲ್ಲಿ ಮಾರ್ಗದರ್ಶಿಗಳು ದಶಕಗಳ ಕಾಲ ಪಿಂಗಾಣಿ ಪಾತ್ರೆಗಳನ್ನೂ ಯಜಮಾನನ ವಂಶಾವಳಿಯನ್ನೂ ವಿವರಿಸುತ್ತಿದ್ದರು. ಗುಲಾಮರ ಪ್ರಸ್ತಾಪ ಬಂದರೆ ‘ಸೇವಕರು’ ಎಂಬ ಮೃದು ಪದದಲ್ಲಿ ಮುಗಿಯುತ್ತಿತ್ತು. ಸೇವಕನಿಗೆ ಕೂಲಿಯುಂಟು, ಬಿಟ್ಟುಹೋಗುವ ಹಕ್ಕುಂಟು. ಇವರಿಗೆ ಎರಡೂ ಇರಲಿಲ್ಲ.

1859ರಲ್ಲಿ ಕಟ್ಟಿ ಮುಗಿಸಿದ ನಾಟೊವೇ ಎಂಬ ಮಹಾಸೌಧದ ಒಡೆಯನ ಅಧೀನದಲ್ಲಿ 1860ರಲ್ಲಿ 155 ಮಂದಿ ಗುಲಾಮರಿದ್ದರು. ಮುಂದೆ ಹೋಟೆಲಾಗಿದ್ದ ಆ ಮನೆ 2025ರ ಮೇ ತಿಂಗಳಲ್ಲಿ ಬೆಂಕಿಗೆ ಆಹುತಿಯಾಯಿತು. ಪರಂಪರೆ ಹೋಯಿತೆಂದು ಕೆಲವರು ಮರುಗಿದರು, ಹೋದದ್ದೇ ಒಳ್ಳೆಯದೆಂದು ಕೆಲವರು ಹಿಗ್ಗಿದರು. ಆ ಹಿಗ್ಗಿನ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಆದರೂ ಮನೆ ಸುಟ್ಟಾಗ ಸಾಕ್ಷ್ಯವೂ ಸುಡುತ್ತದೆ.

ಅದೇ ನದಿಯ ದಡದಲ್ಲಿರುವ ವಿಟ್ನಿ ತೋಟ ಬೇರೆಯ ದಾರಿ ಹಿಡಿಯಿತು. 2014ರಲ್ಲಿ ಗುಲಾಮರ ಬದುಕನ್ನೇ ಮುಖ್ಯವಾಗಿಸಿಕೊಂಡ ವಸ್ತುಸಂಗ್ರಹಾಲಯವಾಗಿ ಅದು ತೆರೆಯಿತು. ಅಲ್ಲಿ ದುಡಿದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಲಾಗಿದೆ. ಮೂರು ವರ್ಷ ತುಂಬುವ ಮೊದಲೇ ಸತ್ತ ಸುಮಾರು 2,200 ಗುಲಾಮ ಮಕ್ಕಳಿಗೂ ಅಲ್ಲೊಂದು ಸ್ಮಾರಕವಿದೆ. ಈ ಮಕ್ಕಳ ವಿವರ ದೊರೆತದ್ದು ನ್ಯೂ ಆರ್ಲಿಯನ್ಸ್ ಮಹಾಧರ್ಮಪ್ರಾಂತ್ಯದ ಸಂಸ್ಕಾರ ದಾಖಲೆಗಳಲ್ಲಿ! ಒಡೆಯನ ಲೆಕ್ಕದ ಪುಸ್ತಕದಲ್ಲಿ ಬೆಲೆಯಾಗಿದ್ದ ಕೂಸು ದೇವಾಲಯದ ಪುಸ್ತಕದಲ್ಲಿ ಒಂದು ಹೆಸರಾಗಿತ್ತು.

ಇದನ್ನು ಓದಿ ನಾವು ಹೆಮ್ಮೆಪಡುವಂತಿಲ್ಲ. 1838ರಲ್ಲಿ ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು ತಮ್ಮ ತೋಟಗಳ 272 ಗುಲಾಮರನ್ನು ಇದೇ ಲೂಯಿಸಿಯಾನಾದ ತೋಟಗಾರರಿಗೆ 1,15,000 ಡಾಲರಿಗೆ ಮಾರಿದರು. ಆ ಹಣದ ಒಂದು ಭಾಗ ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೆ ಸಂದಿತು. ದೀಕ್ಷಾಸ್ನಾನ ಕೊಟ್ಟ ಕೈಯೇ ಕ್ರಯಪತ್ರಕ್ಕೂ ಸಹಿ ಹಾಕಿತ್ತು. 2017ರಲ್ಲಿ ಯೇಸುಸಭೆಯವರು ಅವರ ವಂಶಜರ ಮುಂದೆ ನಿಂತು ಕ್ಷಮೆ ಬೇಡಿದರು. ಮಾರಾಟದ ಪಟ್ಟಿಯಲ್ಲಿ ಮೊದಲಿಗನಾಗಿದ್ದ ಐಸಾಕ್ ಹಾಕಿನ್ಸ್‌ನ ಹೆಸರನ್ನು ಅಲ್ಲಿನ ಒಂದು ಕಟ್ಟಡಕ್ಕೆ ಇಡಲಾಯಿತು.

‘ಯಾವ ಕಾಲದ್ದೋ ಪಾಪ, ಇಂದಿನವರೇಕೆ ಹೊರಬೇಕು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಜ್ಜನ ಪಾಪ ಮೊಮ್ಮಗನದಾಗುವುದಿಲ್ಲ, ನಿಜ. ಆದರೆ ಅಜ್ಜನ ಮನೆ ಮೊಮ್ಮಗನಿಗೆ ಬಂದಿದೆ, ಅದನ್ನು ತೋರಿಸಿ ಪಡೆಯುವ ಹಣವೂ ಬರುತ್ತಿದೆ. ಆಸ್ತಿಗೆ ಕೈಚಾಚಿದವನು ಸಾಲವನ್ನು ಒಲ್ಲೆ ಎನ್ನುವಂತಿಲ್ಲ. ಇದು ನಮ್ಮ ಮನೆಗಳ ಪಾಲುಪಟ್ಟಿಯಲ್ಲೂ ಇರುವ ರೂಢಿಯೇ. ಆ ತೋಟಗಳ ಸಾಲದಲ್ಲಿ ಮೊದಲು ತೀರಿಸಬೇಕಾದದ್ದು ಸತ್ಯದ ಬಾಕಿ.

ಮಕ್ಕಳು ಅಮೆರಿಕದಲ್ಲಿರುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಹಲವು. ಅವರು ನಿಮ್ಮನ್ನು ಅಂತಹ ಬಂಗಲೆಗೆ ಕರೆದೊಯ್ದರೆ ಸಂತೋಷದಿಂದ ಹೋಗಿ, ಮರದ ನೆರಳಿನಲ್ಲಿ ನಿಲ್ಲಿ. ಅಡುಗೆಮನೆ ಎಲ್ಲಿತ್ತು, ಅಲ್ಲಿ ಬೇಯಿಸುತ್ತಿದ್ದವಳ ಹೆಸರೇನು ಎಂದು ಮಾರ್ಗದರ್ಶಿಯನ್ನು ಕೇಳಿ.