ಉಸಿರಿನಲ್ಲಿಯೂ ಭೇದವೇ?

ಭೂಮಿಗೆ ಬೇಲಿಯುಂಟು, ನೀರಿಗೆ ಕಟ್ಟೆಯುಂಟು; ಗಾಳಿಗೆ ಇವೆರಡೂ ಇಲ್ಲ. ಆದುದರಿಂದ ಗಾಳಿ ಕೆಟ್ಟರೆ ಸಿರಿವಂತನಿಗೂ ಬಡವನಿಗೂ ಒಂದೇ ಬಗೆಯ ಕೇಡು ಎಂದು ನಾವು ಭಾವಿಸುತ್ತೇವೆ. ಈ ಭಾವನೆ ಎಷ್ಟರಮಟ್ಟಿಗೆ ನಿಜವೆಂಬುದು ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವು ವಿಚಾರಿಸಬೇಕಾದ ಪ್ರಶ್ನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೊರಗಿನ ಮಲಿನ ವಾಯು ಹಾಗೂ ಮನೆಯೊಳಗಿನ ಹೊಗೆಯಿಂದ ಲೋಕದಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಮಂದಿ ಅಕಾಲಮರಣಕ್ಕೆ ತುತ್ತಾಗುತ್ತಾರೆ. 2.5 ಮೈಕ್ರೋಮೀಟರಿಗಿಂತ ಸೂಕ್ಷ್ಮವಾದ ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರುತ್ತವೆ; ಹೃದ್ರೋಗ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರುಗಳಿಗೆ ಕಾರಣವಾಗುತ್ತವೆ. ಇಂತಹ ಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ಆ ಸಂಸ್ಥೆ 2021ರಲ್ಲಿ ಸೂಚಿಸಿತು. ನಮ್ಮ ದೇಶದ 2009ರ ಮಾನದಂಡ 40. ಹೊರಗಿನ ಮಾಲಿನ್ಯದಿಂದ 2019ರಲ್ಲಿ ಸಂಭವಿಸಿದ ಅಕಾಲಮರಣಗಳಲ್ಲಿ ನೂರಕ್ಕೆ 89ರಷ್ಟು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆದವು. ಗಾಳಿಗೆ ಬೇಲಿಯಿಲ್ಲದಿದ್ದರೂ ಸಾವು ಮನೆಗಳನ್ನು ಆರಿಸಿಕೊಳ್ಳುತ್ತಿದೆ.

ದೆಹಲಿಯ ಚಳಿಗಾಲವನ್ನೇ ನೋಡಬಹುದು. ಅನುಕೂಲಸ್ಥರು ಕಿಟಕಿ ಮುಚ್ಚಿ, ಗಾಳಿ ಶುದ್ಧೀಕರಿಸುವ ಯಂತ್ರವಿಟ್ಟುಕೊಂಡು ಮಲಗುತ್ತಾರೆ. ಅದೇ ಮನೆಯ ಬಾಗಿಲಿನಲ್ಲಿ ಕಾವಲುಗಾರ ರಾತ್ರಿಯೆಲ್ಲ ಅದೇ ಹೊಗೆಯಲ್ಲಿ ಕುಳಿತಿರುತ್ತಾನೆ. ಬೆಳಗಾಗುವ ಮುನ್ನ ಬೀದಿ ಗುಡಿಸುವವಳು ಬರುತ್ತಾಳೆ. ಮಾಲಿನ್ಯ ಮಿತಿಮೀರಿದಾಗ ಸರಕಾರ ಕಟ್ಟಡದ ಕೆಲಸಗಳನ್ನು ನಿಲ್ಲಿಸುತ್ತದೆ. ಇದು ಅವಶ್ಯಕವೇ, ಆದರೆ ಅಂದು ಕೂಲಿ ಕಳೆದುಕೊಳ್ಳುವವನೂ ಬಡವನೇ. ರೋಗವೂ ಅವನ ಪಾಲಿಗೆ, ಔಷಧಿಯ ಬೆಲೆಯೂ ಅವನ ಪಾಲಿಗೆ!

ಹಾಗಾದರೆ ಇದಕ್ಕೆ ಹೊಣೆ ಯಾರು? ಲಂಡನ್ನಿನ ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಒಂಬತ್ತು ವರ್ಷದ ಬಾಲಿಕೆ ವಾಹನದಟ್ಟಣೆಯ ಹೆದ್ದಾರಿಯ ಸಮೀಪ ವಾಸಿಸುತ್ತಿದ್ದಳು. ತೀವ್ರ ಆಸ್ತಮಾದಿಂದ ನರಳಿ 2013ರಲ್ಲಿ ತೀರಿಕೊಂಡಳು. ತಾಯಿಯ ದೀರ್ಘ ಹೋರಾಟದ ನಂತರ, ಆ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ವಿಚಾರಣಾಧಿಕಾರಿ 2020ರ ಡಿಸೆಂಬರಿನಲ್ಲಿ ತೀರ್ಪಿತ್ತರು. ಕಾರಣ ಸ್ಪಷ್ಟವಾಯಿತು, ಆದರೆ ಆ ರಸ್ತೆಯಲ್ಲಿ ವಾಹನ ನಡೆಸಿದ ಯಾರೊಬ್ಬರನ್ನೂ ಕೊಲೆಗಾರನೆನ್ನಲಾಗದು. ಪ್ರತಿಯೊಬ್ಬನೂ 'ನನ್ನದು ಎಷ್ಟು ಮಹಾ ಹೊಗೆ?' ಎನ್ನಬಹುದು.

ಈ ಸಮಾಧಾನಕ್ಕೆ ನಮ್ಮ ಆಚಾರ್ಯರು ಅವಕಾಶ ಕೊಟ್ಟಿಲ್ಲ. ತಾನೇ ಮಾಡಿದ್ದು, ಅನ್ಯರಿಂದ ಮಾಡಿಸಿದ್ದು, ಮಾಡುವುದಕ್ಕೆ ಸಮ್ಮತಿಸಿದ್ದು, ಅಂದರೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದಲೂ ದೋಷ ಬರುವುದೆಂದು ಅವರು ಹೇಳಿದರು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದೆ. ಕೊಲ್ಲುವ ಸಂಕಲ್ಪವಿಲ್ಲದಿದ್ದರೂ ಎಚ್ಚರ ತಪ್ಪಿದ ನಡತೆ ನಿರ್ದೋಷವಾಗದು. ಹೊಗೆಯ ಪರಿಣಾಮ ತಿಳಿಯದಿದ್ದ ಕಾಲದಲ್ಲಿ ಅಜ್ಞಾನವೆನ್ನಬಹುದಾಗಿದ್ದುದು, ತಿಳಿದ ಮೇಲೆ ಪ್ರಮಾದವಾಗುತ್ತದೆ.

ಗೃಹಸ್ಥನಿಗೆ ಆರಂಭಿ, ಉದ್ಯೋಗಿ ಹಿಂಸೆಗಳು ಅನಿವಾರ್ಯವಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಒಲೆಯಿಲ್ಲದೆ ಅಡುಗೆಯಿಲ್ಲ, ಉದ್ಯಮವಿಲ್ಲದೆ ಜೀವನೋಪಾಯವಿಲ್ಲ. ಆದರೆ ಸಾಧ್ಯವಿದ್ದ ಎಚ್ಚರವನ್ನೆಲ್ಲ ವಹಿಸಿದ ಮೇಲೆ ಉಳಿಯುವುದು ಮಾತ್ರ ಅನಿವಾರ್ಯ. ಹೊಗೆಯನ್ನು ಶೋಧಿಸುವ ಖರ್ಚನ್ನು ಉಳಿಸಿದ ಉದ್ಯಮಿ ನಿಜವಾಗಿ ಅದನ್ನು ಉಳಿಸಿರುವುದಿಲ್ಲ. ನೆರೆಯ ಕೇರಿಯ ಮಕ್ಕಳ ಎದೆಗೂಡಿಗೆ ವರ್ಗಾಯಿಸಿರುತ್ತಾನೆ. ಇದನ್ನು ಉದ್ಯೋಗಿ ಹಿಂಸೆಯೆಂದು ಕರೆದು ಸುಮ್ಮನಾಗುವುದು ಶಾಸ್ತ್ರದ ಮರೆಯಲ್ಲಿ ಲೋಭವನ್ನು ಅಡಗಿಸಿದಂತೆ.

ಬೇರೆಯವರ ಕಾರ್ಖಾನೆಯ ಮಾತಾಯಿತು. ನಮ್ಮ ಪಾಕಶಾಲೆಯ ಕಡೆಗೂ ತಿರುಗೋಣ. ಉತ್ಸವವೊಂದರಲ್ಲಿ ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದಾಗ, ಹೊಗೆಕೊಳವೆಯಿಲ್ಲದ ಸೌದೆ ಒಲೆಯ ಮುಂದೆ ನಿಂತಿದ್ದ ಅಡುಗೆಯಾಕೆಯನ್ನು ಕಂಡೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಆಕೆ, 'ಊಟ ಚೆನ್ನಾಗಿತ್ತಾ ಸ್ವಾಮೀ?' ಎಂದು ಕೇಳಿದಳು. ಚೆನ್ನಾಗಿತ್ತು ಎಂದೆ. ನೀರನ್ನು ಸೋಸಿದ್ದೆವು, ಧಾನ್ಯವನ್ನು ಆರಿಸಿದ್ದೆವು, ಸೂರ್ಯಾಸ್ತಕ್ಕೆ ಮೊದಲೇ ಉಂಡಿದ್ದೆವು. ಆಕೆಯ ಉಸಿರನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಣ್ಣಿಗೆ ಕಾಣದ ವಾಯುಕಾಯಿಕ ಜೀವಗಳಿಗೂ ಅನುಕಂಪ ತೋರಬೇಕೆಂದು ಕಲಿತ ನನಗೆ, ಎದುರಿಗೇ ಕೆಮ್ಮುತ್ತಿದ್ದ ಪಂಚೇಂದ್ರಿಯ ಜೀವ ಅಂದಿನವರೆಗೂ ಕಂಡಿರಲಿಲ್ಲವಲ್ಲ!

ದೇವಾಲಯಗಳ ವಿಶ್ವಸ್ತರು ಈ ವರ್ಷದ ಆಯವ್ಯಯದಲ್ಲಿ ಎರಡು ಬಾಬುಗಳನ್ನು ಸೇರಿಸಬಹುದು. ಒಂದು, ಪಾಕಶಾಲೆಗೆ ಹೊಗೆರಹಿತ ಒಲೆ, ಆಗದಿದ್ದರೆ ಎತ್ತರದ ಹೊಗೆಕೊಳವೆ. ಎರಡು, ಕೇರಿಯ ಕಡೆಗೆ ಹೊಗೆಯುಗುಳುವ ಡೀಸೆಲ್ ಜನರೇಟರಿನ ಬದಲು ಸೌರವಿದ್ಯುತ್ತು. ಮಹಾವೀರ ನಿರ್ವಾಣದ ದಿನವಾದ ದೀಪಾವಳಿಯಲ್ಲಿ ಪಟಾಕಿಯನ್ನು ತ್ಯಜಿಸಲು ಖರ್ಚೂ ಇಲ್ಲ. ಇವುಗಳಿಂದ ದೇಶದ ಗಾಳಿ ತಿಳಿಯಾಗದು. ಆದರೆ ನಮ್ಮ ಸುಖದ ಬೆಲೆಯನ್ನು ನಾವೇ ತೆರಬೇಕು, ಬಡವರ ಉಸಿರಿನಿಂದ ತೆರಿಸಬಾರದು ಎಂಬ ನಿಯಮವನ್ನು ಸ್ವೀಕರಿಸಿದಂತಾಗುತ್ತದೆ. ಅಣುವ್ರತವೂ ಅಷ್ಟೇ: ಚಿಕ್ಕದು, ಆದರೆ ತನ್ನ ಮನೆಯಿಂದಲೇ ಆರಂಭವಾಗತಕ್ಕದ್ದು.