ಬಾಗಿಲಿಗೆ ಬಾರದವರ ಅರ್ಜಿ

ಚುನಾವಣೆಯಲ್ಲಿ ಗೆದ್ದವರು ಸದನದಲ್ಲಿ ಕೂರುವ ಮೊದಲು ಪ್ರಮಾಣವಚನ ಸ್ವೀಕರಿಸಬೇಕೆಂದು ಸಂವಿಧಾನದ 188ನೇ ವಿಧಿ ಹೇಳುತ್ತದೆ. ವಚನದ ಒಕ್ಕಣೆ ಮೂರನೇ ಅನುಸೂಚಿಯಲ್ಲಿದೆ. ಅದನ್ನೂ ಮಂತ್ರಿಗಳ ವಚನವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷಗಳಿಲ್ಲದೆ ಎಲ್ಲ ಬಗೆಯ ಜನರಿಗೂ ನ್ಯಾಯ ಒದಗಿಸುತ್ತೇನೆಂದು ಮಂತ್ರಿ ಹೇಳಬೇಕು. ಶಾಸಕನಿಗೆ ಆ ಮಾತಿಲ್ಲ. ಸಂವಿಧಾನಕ್ಕೆ ನಿಷ್ಠೆ, ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ಆಮೇಲೆ ತಾನು ಕೈಗೊಳ್ಳಲಿರುವ ಕರ್ತವ್ಯವನ್ನು ಶ್ರದ್ಧೆಯಿಂದ ಮಾಡುತ್ತೇನೆ ಎಂಬುದು, ಇಷ್ಟೇ. ಆ ಕರ್ತವ್ಯ ಯಾವುದು ಎಂದು ವಚನ ಬಿಡಿಸಿ ಹೇಳುವುದಿಲ್ಲ.

ಹಾಗಾದರೆ ಯಾರು ಹೇಳುತ್ತಾರೆ? ಮರುದಿನ ಬೆಳಿಗ್ಗೆ ಅವನ ಮನೆಯ ಮುಂದೆ ಚಪ್ಪಲಿ ಬಿಡುವವರು ಹೇಳುತ್ತಾರೆ. ಬರುವ ಅಧಿವೇಶನದಲ್ಲಿ ನಿಮ್ಮ ಆದ್ಯತೆ ಏನೆಂದು ಪತ್ರಿಕೆಯವರು ಹೊಸ ಶಾಸಕನನ್ನು ಕೇಳಿದರೆ ಅವನು ನೀರು, ರಸ್ತೆ, ಕಾಲೇಜು ಎನ್ನುತ್ತಾನೆ. ನಿಜವಾದ ಪಟ್ಟಿ ಆಗಲೇ ಜಗಲಿಯಲ್ಲಿ ತಯಾರಾಗಿರುತ್ತದೆ. ವರ್ಗಾವಣೆ, ಹಾಸ್ಟೆಲ್ ಸೀಟು, ಠಾಣೆಗೊಂದು ಫೋನು, ಮಗಳ ಮದುವೆಗೆ ಬರುವ ಭರವಸೆ.

ಅಂಥದೊಂದು ಜಗಲಿಯಲ್ಲಿ ನಾನೂ ಕೂತಿದ್ದೇನೆ. 2004ರ ಜುಲೈ. ಆ ಊರಿನ ಶಾಸಕರು ಮೊದಲ ಬಾರಿ ಗೆದ್ದು ಎರಡು ತಿಂಗಳಾಗಿತ್ತು. ನಮ್ಮ ಆಪಾ ಸರಕಾರಿ ಉರ್ದು ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಜಿಲ್ಲೆಯ ಇನ್ನೊಂದು ತುದಿಯ ಹಳ್ಳಿಯಲ್ಲಿ ಕೆಲಸ. ಬಸ್ಸಿಳಿದು ನಾಲ್ಕು ಮೈಲಿ ನಡೆಯಬೇಕು, ಕಂಕುಳಲ್ಲಿ ಎಂಟು ತಿಂಗಳ ಕೂಸು. ಅಬ್ಬಾ ತಮ್ಮ ಜೀವಮಾನದಲ್ಲಿ ಯಾರ ಬಳಿಯೂ ಕೈಯೊಡ್ಡಿದವರಲ್ಲ. ಅವತ್ತು ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟು, ನಾನು ಬರೆದುಕೊಟ್ಟ ಅರ್ಜಿ ಹಿಡಿದು, ಎರಡೂವರೆ ಗಂಟೆ ಕಾದರು.

"ಸಾಹೇಬ್ರೆ, ಮಗಳಿಗೆ ತುಂಬಾ ತೊಂದರೆ ಆಗ್ತಿದೆ" ಎಂದರು.

ಶಾಸಕರು ಅರ್ಜಿಯ ಮೇಲೆ ಕಣ್ಣಾಡಿಸಿ ನಕ್ಕರು. "ನಿಮ್ಮ ಮೊಹಲ್ಲಾದ ಬೂತಿನಲ್ಲಿ ನನಗೆ ಎಷ್ಟು ಓಟು ಬಿದ್ದಿದೆ ಅಂತ ಗೊತ್ತಿದೆ ಚಾಚಾ. ಆಗುತ್ತೆ, ಹೋಗಿ."

ಒಂದೇ ತಿಂಗಳಲ್ಲಿ ಆದೇಶ ಬಂತು. ಅಮ್ಮಿ ಖೀರು ಮಾಡಿ ಅಕ್ಕಪಕ್ಕದವರಿಗೆ ಹಂಚಿದರು. ಬೂತಿನ ಮಾತು ನಮಗೆ ಆಗ ಹೊಗಳಿಕೆಯಾಗಿ ಕೇಳಿಸಿತ್ತು. ಓಟು ಬೀಳದ ಬೂತಿನಿಂದ ಯಾರಾದರೂ ಬಂದಿದ್ದರೆ ಅವರಿಗೆ ಅದು ಹೇಗೆ ಕೇಳಿಸುತ್ತಿತ್ತೆಂದು ಯೋಚಿಸಲಿಲ್ಲ. (ಬೂತುಗಳ ಎಣಿಕೆಯನ್ನು ಒಟ್ಟುಗೂಡಿಸಿ ತೋರಿಸುವ ಟೋಟಲೈಸರ್ ಯಂತ್ರ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. ಅದು ಜಾರಿಗೆ ಬಂದಿಲ್ಲ. ಯಾವ ಬೀದಿ ಕೈ ಬಿಟ್ಟಿತೆಂದು ತಿಳಿಯುವ ಸುಖವನ್ನು ಯಾರೂ ಬಿಟ್ಟುಕೊಡಲಾರರು.)

ನಾಲ್ಕೈದು ವರ್ಷಗಳ ನಂತರ ಬಸ್ ನಿಲ್ದಾಣದಲ್ಲಿ ಒಬ್ಬರು ನನ್ನ ಗುರುತು ಹಿಡಿದರು. ಆಪಾ ಕೆಲಸ ಮಾಡುತ್ತಿದ್ದ ಹಳ್ಳಿಯವರು. ಆಪಾಳ ಯೋಗಕ್ಷೇಮ ಕೇಳಿ, ಚಹಾ ಕುಡಿಸಿದರು. ಮಾತಿನ ನಡುವೆ, ಯಾವ ಸಿಟ್ಟೂ ಇಲ್ಲದೆ, "ಟೀಚರಮ್ಮ ಹೋದ ಮೇಲೆ ಎಂಟು ತಿಂಗಳು ಸ್ಕೂಲಿಗೆ ಬೀಗ. ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಳು. ಅಲ್ಲಿಗೇ ಬಿಟ್ಟಳು" ಎಂದರು.

ಅದು ಏಕೋಪಾಧ್ಯಾಯ ಶಾಲೆ. ನನಗೆ ಗೊತ್ತಿತ್ತು. ಅರ್ಜಿಯಲ್ಲಿ ಬರೆದಿರಲಿಲ್ಲ.

ಆ ಹುಡುಗಿಗೆ ಅನ್ಯಾಯ ಮಾಡಿದವರು ಯಾರು? ಎಳೆಕೂಸಿನ ತಾಯಿ ಮನೆಯ ಹತ್ತಿರ ಇರಬಯಸಿದ್ದು ತಪ್ಪಲ್ಲ. ಮಗಳಿಗಾಗಿ ತಂದೆ ಬಾಗಿಲು ತಟ್ಟಿದ್ದು ತಪ್ಪಲ್ಲ. ಶಾಸಕರು ಹಣ ಕೇಳಲಿಲ್ಲ, ಕಷ್ಟ ಕೇಳಿ ಸಹಾಯ ಮಾಡಿದರು. ಒಬ್ಬೊಬ್ಬರದನ್ನೂ ಬಿಡಿಯಾಗಿ ನೋಡಿದರೆ ಒಳ್ಳೆಯ ಕೆಲಸವೇ. ಆದರೆ ಆ ಮೂರೂ ಸೇರಿದಾಗ ಒಂದು ಮಗುವಿನ ಓದು ನಿಂತುಹೋಯಿತು. ಆ ಹಳ್ಳಿಯಂತೂ ಆ ಶಾಸಕರ ಕ್ಷೇತ್ರವೇ ಅಲ್ಲ. ಅವರು ತಮ್ಮ ಕ್ಷೇತ್ರದವರ ಋಣ ತೀರಿಸಿದರು. ಅದರ ಬೆಲೆಯನ್ನು ಪಕ್ಕದ ಕ್ಷೇತ್ರದ ಹುಡುಗಿ ತೆತ್ತಳು. ಅವಳಿಗೆ ಓಟಿರಲಿಲ್ಲ, ಜಗಲಿಯ ದಾರಿಯೂ ಗೊತ್ತಿರಲಿಲ್ಲ.

ನಾನು ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತವನು. ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ್ದು, ಕೇಳಿದಾಗ ಹಿಂತಿರುಗಿಸಬೇಕಾದದ್ದು. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು, ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿಡುವುದು ಎಂಬ ಅರ್ಥ ಪಡೆಯಿತು. ಶಾಸಕ ಸ್ಥಾನದ ವಿಷಯದಲ್ಲಿ ಎರಡೂ ಅರ್ಥ ಹೊಂದುತ್ತವೆ. 2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಲ್ಲಿ 18 ಶಾಸಕರು ಆರು ತಿಂಗಳ ಕಾಲ ಅಮಾನತಾದರು. ಮೇ ತಿಂಗಳಲ್ಲಿ ಆ ಆದೇಶ ಹಿಂದಕ್ಕೆ ಹೋಯಿತು. ಅದೇ ದಿನ, ಅದೇ ಗದ್ದಲದ ನಡುವೆ, ಶಾಸಕರ ಸಂಬಳವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆಯೂ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಆ ಒಂದು ವಿಷಯದಲ್ಲಿ ಆದ್ಯತೆಯ ಬಗ್ಗೆ ಯಾರಿಗೂ ಗೊಂದಲವಿರಲಿಲ್ಲ.

ಜಗಲಿಯ ಕೆಲಸವನ್ನೂ ಸದನದ ಕೆಲಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಶಾಸಕ ತನ್ನ ಹೆಸರಿನಲ್ಲಿ ಹಂಚಬಹುದಾದ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಅವನು ಕೈಯೆತ್ತಿ ಒಪ್ಪಿಗೆ ಕೊಟ್ಟ 2025–26ರ ಬಜೆಟ್ 4 ಲಕ್ಷ 9 ಸಾವಿರ ಕೋಟಿಗೂ ಹೆಚ್ಚು. ಎರಡು ಕೋಟಿಯಲ್ಲಿ ಕಟ್ಟಿದ ಬಸ್ ತಂಗುದಾಣದ ಮೇಲೆ ಅವನ ಫೋಟೋ ಇರುತ್ತದೆ. ನಾಲ್ಕು ಲಕ್ಷ ಕೋಟಿಯ ಬಗ್ಗೆ ಅವನು ಏನು ಕೇಳಿದನೆಂದು ನಾವು ಯಾರೂ ವಿಚಾರಿಸುವುದಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ನಮ್ಮ ಶಾಸಕಾಂಗವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಅಷ್ಟು ದಿನ ಸೇರದ ವರ್ಷಗಳೇ ಹೆಚ್ಚು. ಅದಕ್ಕಾಗಿ ಯಾವ ಊರಿನಲ್ಲೂ ಒಂದು ದಿನದ ಬಂದ್ ನಡೆದದ್ದಿಲ್ಲ.

ಆದರೂ ಸದನ ಮನಸ್ಸು ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ ಆಪಾಳ ಇಲಾಖೆಯೇ ಸಾಕ್ಷಿ. 2007ರಲ್ಲಿ ಶಿಕ್ಷಕರ ವರ್ಗಾವಣೆಗೆಂದೇ ಒಂದು ಕಾಯ್ದೆ ಬಂತು. ಹಿರಿತನದ ಪಟ್ಟಿ, ಕೌನ್ಸೆಲಿಂಗ್, ವಿಧವೆಯರಿಗೆ, ಅಂಗವಿಕಲರಿಗೆ, ತೀವ್ರ ಕಾಯಿಲೆಯವರಿಗೆ ಮೊದಲ ಅವಕಾಶ. ತಕರಾರುಗಳು ಬೇಕಾದಷ್ಟಿದ್ದವು. ತಿದ್ದುಪಡಿಗಳಾದವು, 2020ರಲ್ಲಿ ಅದರ ಜಾಗಕ್ಕೆ ಇನ್ನೊಂದು ಕಾಯ್ದೆ ಬಂತು. ಆದರೂ ಸಾವಿರಾರು ತಂದೆಯರು ಶೇರ್ವಾನಿಯನ್ನೋ ಪಂಚೆಯನ್ನೋ ಇಸ್ತ್ರಿ ಮಾಡಿಸಿಕೊಂಡು ಜಗಲಿಯಲ್ಲಿ ಕಾಯುವುದು ತಪ್ಪಿತು. 1994ರಲ್ಲಿ ಸಿಇಟಿ ಬಂದಾಗ ವೈದ್ಯಕೀಯ ಸೀಟುಗಳ ವಿಷಯದಲ್ಲೂ ಹೀಗೇ ಆಗಿತ್ತು. ಕಾಯ್ದೆಗೆ ಬೂತಿನ ಲೆಕ್ಕ ಗೊತ್ತಿರುವುದಿಲ್ಲ. ಅದರ ಕೊರತೆಯೂ ಅದೇ, ಹಿರಿಮೆಯೂ ಅದೇ. ಶಾಸಕನಿಗೆ ಮಾತ್ರ ಇದರಿಂದ ನಷ್ಟ. ಪಟ್ಟಿಯಲ್ಲಿ ಹೆಸರು ಬಂದು ವರ್ಗವಾದವರು ಯಾರಿಗೂ ಋಣಿಯಾಗಿರುವುದಿಲ್ಲ. ತನಗೆ ಬರಬೇಕಾದ ಕೃತಜ್ಞತೆಯನ್ನು ತಾನೇ ಕಡಿಮೆ ಮಾಡಿಕೊಳ್ಳುವ ಕಾಯ್ದೆಗೆ ಕೈಯೆತ್ತುವುದು ಸಣ್ಣ ಮಾತಲ್ಲ.

ಶಾಂತವೇರಿ ಗೋಪಾಲಗೌಡರು 1952ರಲ್ಲಿ ಮೊದಲ ಬಾರಿ ಗೆದ್ದು ಸದನಕ್ಕೆ ಹೋದಾಗ ಅವರ ಹಿಂದೆ 1951ರ ಕಾಗೋಡು ಸತ್ಯಾಗ್ರಹವಿತ್ತು. ಗೇಣಿದಾರರ ಬವಣೆಯನ್ನು ಅವರು ಒಂದೊಂದು ಶಿಫಾರಸು ಪತ್ರವಾಗಿ ಒಡೆದು ಹಂಚಬಹುದಿತ್ತು. ಈ ಒಡೆಯನಿಗೆ ಒಂದು ಮಾತು, ಆ ತಹಶೀಲ್ದಾರನಿಗೆ ಒಂದು ಚೀಟಿ. ಅವರು ಅದನ್ನು ಸದನದ ಪ್ರಶ್ನೆಯಾಗಿಯೇ ಉಳಿಸಿಕೊಂಡರು. ಉಳುವವನಿಗೆ ಭೂಮಿ ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಅವರು 1972ರಲ್ಲೇ ತೀರಿಕೊಂಡಿದ್ದರು.

ಇಷ್ಟೆಲ್ಲ ಹೇಳಿದ ಮೇಲೂ ಜಗಲಿಯ ಬಾಗಿಲು ಮುಚ್ಚಿಬಿಡಿ ಎಂದು ಹೊಸ ಶಾಸಕನಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಎದುರಿಗೆ ನಿಂತವನ ಕಣ್ಣೀರನ್ನು ಕಾಣದವನು ದೂರದವನ ಕಣ್ಣೀರನ್ನು ಕಂಡಾನೆಂದು ಹೇಗೆ ನಂಬುವುದು? ಕಥೆ ಬರೆಯುವವನಾಗಿ ನನಗಿದು ಚೆನ್ನಾಗಿ ಗೊತ್ತು. 'ಜನತೆ'ಯ ಮೇಲೆ ಕಥೆ ಬರೆಯಲಾಗುವುದಿಲ್ಲ, ಒಬ್ಬ ಮನುಷ್ಯ ಬೇಕು. ಆದರೆ ಎದುರಿಗೆ ನಿಂತವನಿಗೆ ಕೊಟ್ಟದ್ದು ಯಾರ ತಟ್ಟೆಯಿಂದ ಬಂತು ಎಂದು ಕೇಳಿಕೊಳ್ಳದ ಕರುಣೆಯನ್ನು ನಾನು ಈಗ ಪೂರ್ತಿ ನಂಬಲಾರೆ.

2023ರ ಜೂನ್ ತಿಂಗಳಲ್ಲಿ ನೆರೆಮನೆಯ ಹಿರಿಯರೊಬ್ಬರು ಬಂದರು. ನಮ್ಮ ಮೊಹಲ್ಲಾದಲ್ಲಿ ಕನ್ನಡ ಅರ್ಜಿ ಬರೆಯುವ ಕೆಲಸ ಈಗಲೂ ನನ್ನದೇ. ಅವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ತಾಲ್ಲೂಕು ಆಸ್ಪತ್ರೆಯ ಯಂತ್ರ ಕೆಟ್ಟು ಕೂತಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಸರದಿ ಉದ್ದ. ಹೊಸದಾಗಿ ಗೆದ್ದ ಶಾಸಕರಿಂದ ಒಂದು ಪತ್ರ ಬೇಕಿತ್ತು.

ಬರೆದುಕೊಟ್ಟೆ. ಅವರಿಗೆ ಸಿಗುವ ಸರದಿ ಇನ್ನೊಬ್ಬರದು ಎಂಬುದು ಗೊತ್ತಿದ್ದೇ ಬರೆದೆ. ಆಮೇಲೆ ಇನ್ನೊಂದು ಹಾಳೆ ತೆಗೆದುಕೊಂಡೆ. ಬಜೆಟ್ ಅಧಿವೇಶನಕ್ಕೆ ಮೂರು ವಾರವಿತ್ತು, ಪ್ರಶ್ನೆಗಳ ಸೂಚನೆ ಕೊಡಲು ಸಮಯವಿತ್ತು. ಆರೋಗ್ಯ ಸಚಿವರಿಗೆ ಚುಕ್ಕೆ ಗುರುತಿನ ಪ್ರಶ್ನೆ ಎಂದು ಬರೆದೆ. ಚುಕ್ಕೆ ಗುರುತಿನದಾದರೆ ಉತ್ತರ ಕೇಳಿ ಎದ್ದುನಿಂತು ಉಪಪ್ರಶ್ನೆ ಕೇಳಬಹುದು, ಇಲ್ಲದಿದ್ದರೆ ಒಂದು ಲಿಖಿತ ಉತ್ತರದಲ್ಲೇ ಮುಗಿಯುತ್ತದೆ. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಎಷ್ಟು ಡಯಾಲಿಸಿಸ್ ಯಂತ್ರಗಳಿವೆ, ಎಷ್ಟು ಕೆಲಸ ಮಾಡುತ್ತಿವೆ, ಕೆಟ್ಟವು ಯಾವಾಗಿನಿಂದ ಕೆಟ್ಟಿವೆ, ರಿಪೇರಿಯ ಹೊಣೆ ಯಾರದು, ಸರದಿಯಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ.

ಹಿರಿಯರು ಎರಡನೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಯಾರ ಅರ್ಜಿ ಬೇಟಾ? ನನ್ನ ಹೆಸರೇ ಇಲ್ಲವಲ್ಲ?"

"ಇದನ್ನೂ ಜೊತೆಗೆ ಕೊಡಿ ಚಾಚಾ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎರಡನ್ನೂ ಮಡಚಿ ಜೇಬಿಗಿಟ್ಟುಕೊಂಡರು. "ಕೊಡ್ತೀನಿ. ಆದರೆ ನನ್ನದು ಮೇಲಿರಲಿ."