ಊರಿನ ಮಾತು, ಊರಿಗೆ ಸಿಗದ ಲೇಖನ

ಬಜಪೆಯಲ್ಲಿ ಒಬ್ಬರು ನಿವೃತ್ತ ಮಾಸ್ಟ್ರಿದ್ದಾರೆ ಎಂದಿಟ್ಟುಕೊಳ್ಳಿ. ಪಾಡ್ದನಗಳ ಬಗ್ಗೆ ಬಹಳ ವರ್ಷಗಳಿಂದ ಟಿಪ್ಪಣಿ ಬರೆದಿಟ್ಟವರು. ಒಂದು ದಿನ ಮೊಬೈಲಿನಲ್ಲಿ ಹುಡುಕುವಾಗ, ತಮ್ಮ ನೆರೆಯೂರಿನ ದೈವದ ಪಾಡ್ದನದ ಮೇಲೆ ಹೊರದೇಶದ ಪತ್ರಿಕೆಯೊಂದರಲ್ಲಿ ಲೇಖನ ಬಂದಿರುವುದು ಕಾಣುತ್ತದೆ. ಸಾರಾಂಶವನ್ನು ಪುಕ್ಕಟೆ ಓದಬಹುದು. ಉಳಿದದ್ದಕ್ಕೆ ಡಾಲರಿನಲ್ಲಿ ದುಡ್ಡು ಕಟ್ಟಬೇಕು, ಅವರ ಪೆನ್ಶನ್ನಿಗೆ ಅದು ಭಾರ. ಪಕ್ಕದ ಮನೆಯ ಹುಡುಗಿ ಕೊಣಾಜೆಯಲ್ಲಿ ಎಂ.ಎ. ಓದುತ್ತಿದ್ದಾಳೆ. "ನಿನ್ನ ಲೈಬ್ರರಿ ಪಾಸ್‌ವರ್ಡ್ ಒಮ್ಮೆ ಕೊಡ್ತೀಯಾ ಮಗಳೇ?" ಎಂದು ಮಾಸ್ಟ್ರು ಕೇಳುತ್ತಾರೆ. ಅವಳು ಏನು ಮಾಡಬೇಕು?

ಸಣ್ಣ ಪ್ರಶ್ನೆ ಎನಿಸಬಹುದು. ಆದರೆ ಜ್ಞಾನ ಯಾರದು ಎಂಬ ದೊಡ್ಡ ಪ್ರಶ್ನೆ ನಮ್ಮ ಮನೆಬಾಗಿಲಿಗೆ ಬರುವುದು ಇಂಥ ರೂಪದಲ್ಲಿಯೇ.

ಮೊದಲು ವ್ಯವಸ್ಥೆಯನ್ನು ನೋಡೋಣ. ವಿಶ್ವವಿದ್ಯಾಲಯದ ಗ್ರಂಥಾಲಯ ಪುಸ್ತಕವನ್ನು ಕೊಂಡರೆ ಅದು ಗ್ರಂಥಾಲಯದ ಸ್ವತ್ತು. ಡೇಟಾಬೇಸ್ ಹಾಗಲ್ಲ, ಅದಕ್ಕೆ ಕಟ್ಟುವುದು ಚಂದಾ, ಒಂದು ರೀತಿಯ ಬಾಡಿಗೆ. ಯಾರು ಓದಬಹುದು ಎಂಬುದನ್ನು ಪ್ರಕಾಶಕರ ಒಪ್ಪಂದ ಹೇಳುತ್ತದೆ. ಕ್ಯಾಂಪಸ್ಸಿನ ಜಾಲದೊಳಗಿದ್ದರೆ ಲೇಖನ ತಾನಾಗಿ ತೆರೆದುಕೊಳ್ಳುತ್ತದೆ, ಹೊರಗಿದ್ದರೆ ಸಂಸ್ಥೆಯ ಲಾಗಿನ್ ಬೇಕು. ಓದು ಮುಗಿದ ಮೇಲೆ ಆ ಲಾಗಿನ್ ಕೂಡ ಸಾಮಾನ್ಯವಾಗಿ ಮುಗಿಯುತ್ತದೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ. ಒಳ್ಳೆಯ ಕೆಲಸವೇ. ಸಣ್ಣ ಊರಿನ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ದೊಡ್ಡ ಪತ್ರಿಕೆಗಳು ಸಿಗುವಂತಾದದ್ದು ಸಾಮಾನ್ಯ ಸಂಗತಿಯಲ್ಲ. ಆದರೆ ಹೆಸರಿನಲ್ಲಿ ದೇಶವಿದ್ದರೂ ಪ್ರವೇಶವಿರುವುದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ಮಾಸ್ಟ್ರ ತೆರಿಗೆಯೂ ಆ 6,000 ಕೋಟಿಯಲ್ಲಿ ಸೇರಿದೆ, ಮಾಸ್ಟ್ರು ಮಾತ್ರ ಸೇರಿಲ್ಲ.

ಪಾಡ್ದನದ ವಿಷಯದಲ್ಲಿ ಅನ್ಯಾಯ ಇನ್ನೂ ಸ್ಪಷ್ಟ. ನೇಜಿ ನೆಡುತ್ತ ಹಾಡಿದ ಹೆಂಗಸರು, ಕೋಲದಲ್ಲಿ ಹೇಳಿದವರು ಯಾರೂ ಅದಕ್ಕೆ ಬೆಲೆ ಕಟ್ಟಿರಲಿಲ್ಲ, ಕೇಳಿದವರಿಗೆ ಹೇಳಿದರು. ಲೇಖನ ಬರೆದವರಿಗೆ ಪತ್ರಿಕೆ ಸಾಮಾನ್ಯವಾಗಿ ಸಂಭಾವನೆ ಕೊಡುವುದಿಲ್ಲ, ಅದನ್ನು ಪರಿಶೀಲಿಸಿದ ವಿದ್ವಾಂಸರಿಗೂ ಇಲ್ಲ. ಹೇಳಿದವರಿಗೂ ಬರೆದವರಿಗೂ ಸಿಗದ ಹಣವನ್ನು ಓದುವವನು ಕೊಡಬೇಕು. ಬಜಪೆ, ಪೆರ್ಮುದೆ, ಕಳವಾರು ಕಡೆ ವಿಶೇಷ ಆರ್ಥಿಕ ವಲಯಕ್ಕೆ ಜಾಗ ಹೋಯಿತು. ಅಂಥ ಊರಿನಲ್ಲಿ ಜಗಲಿಯಲ್ಲಿ ಕೂತು ಸಂಶೋಧಕರ ಪ್ರಶ್ನೆಗಳಿಗೆ ಉತ್ತರ ಕೊಟ್ಟವರಿಗೆ, ತಮ್ಮ ಬಗ್ಗೆ ಕೊನೆಗೆ ಏನು ಬರೆದರು ಎಂದು ನೋಡುವ ಹಕ್ಕಿಲ್ಲವೇ?

ಇಲ್ಲೊಂದು ವಿಚಿತ್ರವಿದೆ. ಬರ್ನೆಲ್ ಸಂಗ್ರಹಿಸಿದ ತುಳುವರ ದೈವಾರಾಧನೆಯ ಪಾಠಗಳು ಅವನು ತೀರಿಕೊಂಡ ಮೇಲೆ 1894ರಿಂದ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟವಾದವು. ಅದೇ ವರ್ಷ ಕಿಟ್ಟೆಲರ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಬಂತು. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಇವೆರಡನ್ನೂ ಇಂದು ಯಾರೂ ಪುಕ್ಕಟೆ ಓದಬಹುದು. ಎಂದರೆ ವಸಾಹತು ಕಾಲದ ನ್ಯಾಯಾಧೀಶ ನಮ್ಮ ದೈವಗಳನ್ನು ಹೇಗೆ ಕಂಡ ಎಂಬುದು ಊರಿಗೆ ಸಿಗುತ್ತದೆ. ಅವನನ್ನು ತಿದ್ದಿ ಬರೆದ ಇತ್ತೀಚಿನ ವಿದ್ವತ್ತು ಬೀಗದೊಳಗಿದ್ದರೆ, ಊರಿನವರಿಗೆ ಉಳಿಯುವುದು ಹಳೆಯ ತಪ್ಪುಗಳು.

ಹಾಗಾದರೆ ಹುಡುಗಿ ಪಾಸ್‌ವರ್ಡ್ ಕೊಟ್ಟುಬಿಡಲಿ ಎನ್ನೋಣವೇ? ನನಗೆ ಹಾಗನ್ನಿಸುವುದಿಲ್ಲ. ಕಾರಣ ಪ್ರಕಾಶಕರ ಮೇಲಿನ ಕನಿಕರವಲ್ಲ. ಲಾಗಿನ್ ಅವಳೊಬ್ಬಳ ಸೊತ್ತಲ್ಲ. ಅದು ಕೈಯಿಂದ ಕೈಗೆ ಹೋಗಿ ಯಾರೋ ಒಮ್ಮೆಲೇ ನೂರಾರು ಲೇಖನ ಇಳಿಸಿದರೆ, ಪ್ರಕಾಶಕರು ಇಡೀ ಕ್ಯಾಂಪಸ್ಸಿನ ಪ್ರವೇಶವನ್ನೇ ತಡೆಹಿಡಿಯಬಹುದು. ನಾಳೆ ಪ್ರಬಂಧ ಒಪ್ಪಿಸಬೇಕಾದ ಇನ್ನೊಬ್ಬ ವಿದ್ಯಾರ್ಥಿ ಅದರ ಫಲ ಉಣ್ಣುತ್ತಾನೆ. ಎರಡನೆಯದಾಗಿ, ಪರಿಚಯದವರಿಂದ ಗುಟ್ಟಾಗಿ ಸಿಗುವುದು ಹಕ್ಕಾಗುವುದಿಲ್ಲ. ಪಕ್ಕದ ಮನೆಯಲ್ಲಿ ಎಂ.ಎ. ಹುಡುಗಿ ಇಲ್ಲದವರು ಏನು ಮಾಡಬೇಕು?

ಆದರೆ ಬೀಗದ ಕೈ ಕೊಡುವುದೇ ಬೇರೆ, ಒಂದು ಲೇಖನ ತೋರಿಸುವುದೇ ಬೇರೆ. ಮಾಸ್ಟ್ರನ್ನು ಕೂರಿಸಿಕೊಂಡು ಅವಳು ಆ ಲೇಖನವನ್ನು ಓದಿ ಅರ್ಥ ಹೇಳಿದರೆ ಅದನ್ನು ಕಳವು ಎನ್ನುವವರು ಯಾರು? ಸ್ವಂತ ಓದಿಗೆ, ಸಂಶೋಧನೆಗೆ ನ್ಯಾಯಯುತ ಬಳಕೆಯನ್ನು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮೂ ಒಪ್ಪುತ್ತದೆ. ನೇರ ದಾರಿಗಳೂ ಇವೆ. ಲೇಖಕರಿಗೆ ಒಂದು ಇಮೇಲ್ ಬರೆದರೆ ಎಷ್ಟೋ ಮಂದಿ ಸಂತೋಷದಿಂದ ಪ್ರತಿ ಕಳಿಸುತ್ತಾರೆ. ಶೋಧಗಂಗಾದಲ್ಲಿ ಪಿಎಚ್‌.ಡಿ. ಪ್ರಬಂಧಗಳು ಎಲ್ಲರಿಗೂ ಪುಕ್ಕಟೆ. ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆದರೆ ತಿಂಗಳಿಗೆ ನೂರು ಲೇಖನ ಪರದೆಯ ಮೇಲೆ ಓದಬಹುದು. ಗ್ರಂಥಾಲಯಕ್ಕೇ ಬಂದು ಕೂತು ಓದುವ ಹೊರಗಿನವರಿಗೆ ಹಲವು ಒಪ್ಪಂದಗಳಲ್ಲಿ ಅವಕಾಶವಿರುತ್ತದೆ; ಗ್ರಂಥಪಾಲಕರನ್ನು ಕೇಳಬೇಕು.

ಆದರೆ ಕೊಣಾಜೆಗೆ ಬಜಪೆಯಿಂದ ಸ್ಟೇಟ್‌ಬ್ಯಾಂಕಿಗೊಂದು, ಅಲ್ಲಿಂದ ಇನ್ನೊಂದು ಬಸ್ಸು. ಮಂಡಿನೋವಿನ ಮಾಸ್ಟ್ರಿಗೆ ಇದು ಉತ್ತರವಲ್ಲ. ಓದುಗ ಯಾರೇ ಆಗಿರಲಿ, ಅವನಿಗೆ ಬೇಕಾದ ಪುಸ್ತಕ ಸಿಗಬೇಕೆಂದು ರಂಗನಾಥನ್ 1931ರಲ್ಲೇ ಗ್ರಂಥಾಲಯದ ಸೂತ್ರವಾಗಿ ಬರೆದರು. ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ರಾಷ್ಟ್ರೀಯ ಚಂದಾದಲ್ಲಿ ಊರಿನ ಸಾರ್ವಜನಿಕ ಗ್ರಂಥಾಲಯದ ಒಂದು ಕಂಪ್ಯೂಟರನ್ನಾದರೂ ಸೇರಿಸಿ ಎಂದು ಕೇಳುವುದು ಅತಿಯಾಸೆಯಲ್ಲ.

ಸಂಶೋಧಕರ ಪಾಲಿನ ಕರ್ತವ್ಯಕ್ಕೆ ಯಾವ ಯೋಜನೆಯನ್ನೂ ಕಾಯಬೇಕಾಗಿಲ್ಲ. ಊರಿನಿಂದ ಮಾತು ತೆಗೆದುಕೊಂಡು ಹೋದವರು ಲೇಖನ ಬಂದ ಮೇಲೆ ಅದರ ಒಂದು ಪ್ರತಿಯನ್ನು, ಜೊತೆಗೆ ಎರಡು ಪುಟದ ಕನ್ನಡ ಸಾರಾಂಶವನ್ನು ಅಲ್ಲಿನ ಶಾಲೆಗೋ ಪಂಚಾಯತ್ ಗ್ರಂಥಾಲಯಕ್ಕೋ ಕೊಡಲಿ. ಆ ಹುಡುಗಿಯೂ ನಾಳೆ ಸಂಶೋಧಕಿಯಾಗಬಹುದು. ಮಾಸ್ಟ್ರಿಗೆ ಇವತ್ತು "ಪಾಸ್‌ವರ್ಡ್ ಬೇಡ ಮಾಸ್ಟ್ರೇ, ಬನ್ನಿ, ಒಟ್ಟಿಗೆ ಓದುವ" ಎಂದು ಹೇಳಿದವಳು ಆ ದಿನ ಈ ಸಾಲವನ್ನು ಮರೆಯಲಾರಳು ಎಂದುಕೊಳ್ಳುತ್ತೇನೆ.